ಮಾಂತ್ರಿಕನ ಊರು ಯಾವುದು?

ಬ್ಯಾಂಕು ಸೇರಿದ ಹೊಸತರಲ್ಲಿ, 2004ರಲ್ಲಿ, ನನಗೆ ಕೆಲಸ ಸಿಕ್ಕಿದ್ದು ಬಯಲುಸೀಮೆಯ ಒಂದು ಶಾಖೆಯಲ್ಲಿ. ಮೊದಲ ವಾರ ಮಧ್ಯಾಹ್ನದ ಊಟದ ಹೊತ್ತು ಹಿರಿಯ ಸಹೋದ್ಯೋಗಿಯೊಬ್ಬರು ಬುತ್ತಿ ಬಿಚ್ಚುತ್ತ "ಯಾವೂರ್ರೀ ನಿಮ್ದು?" ಎಂದು ಕೇಳಿದರು. "ಕಾಸರಗೋಡು" ಎಂದೆ. "ಓ, ಕೇರಳ!" ಎಂದವರು ಸ್ವಲ್ಪ ಹತ್ತಿರಕ್ಕೆ ಸರಿದು ದನಿ ತಗ್ಗಿಸಿದರು: "ನಿಮ್ಮ ಕಡೆ ಒಳ್ಳೇ ಮಂತ್ರವಾದಿಗಳು ಇರ್ತಾರಂತಲ್ಲ. ನಮ್ಮ ತಮ್ಮನಿಗೆ ಯಾರೋ ಏನೋ ಮಾಡಿಸಿದಾರೆ. ಒಂದು ವಿಳಾಸ ಕೊಡ್ತೀರಾ?" ನಮ್ಮದು ಕನ್ನಡದ ಮನೆ, ಅಂಥವರ ಪರಿಚಯ ನನಗಿಲ್ಲ ಎಂದೆ. ಅವರು ನಂಬಲಿಲ್ಲ. "ಮಾತು ಕನ್ನಡ ಆದ್ರೇನ್ರೀ, ನೆಲ ಅದೇ ಅಲ್ವಾ?" ಎಂದು ಮೊಸರನ್ನ ಕಲಸತೊಡಗಿದರು.

ಕೆಲವು ವರ್ಷಗಳ ಬಳಿಕ ಕೇಳಿ ಪಡೆದ ವರ್ಗಾವಣೆಯಲ್ಲಿ ಊರಿಗೆ ಮರಳಿದೆ. ಇಲ್ಲಿಯ ಶಾಖೆಯಲ್ಲಿ ತೆಂಕಣ ಕೇರಳದಿಂದ ಬಂದ ಒಬ್ಬರು ನನ್ನ ಪಕ್ಕದ ಕೌಂಟರಿನಲ್ಲಿ ಕುಳಿತುಕೊಳ್ಳುತ್ತಿದ್ದರು. ನಾನು ಗಿರಾಕಿಗಳೊಡನೆ ಕನ್ನಡ ಮಾತಾಡುವುದನ್ನು ಕೇಳಿದ ಅವರು ಒಂದು ದಿನ ಮಲಯಾಳದಲ್ಲಿ ಕೇಳಿದರು: "ಸಾರೇ, ನಿಮ್ಮ ಕರ್ನಾಟಕದಲ್ಲಿ ಕೊಳ್ಳೇಗಾಲ ಅಂತ ಇದೆಯಲ್ಲ, ದೊಡ್ಡ ದೊಡ್ಡ ಮಂತ್ರವಾದಿಗಳಿರುವ ಊರು. ಅಲ್ಲಿಗೆ ಹೋಗುವುದು ಹೇಗೆ?" ಕೊಳ್ಳೇಗಾಲವನ್ನು ನಾನು ಕಂಡದ್ದು ಭೂಪಟದಲ್ಲಿ ಮಾತ್ರ. ನನಗೆ ನಗು ಬಂತು. ಆ ಕಡೆಯವರಿಗೆ ನಾನು ಮಲಯಾಳದ ಮಾಟದ ನಾಡಿನವ, ಈ ಕಡೆಯವರಿಗೆ ಕನ್ನಡದ ಮಾಟದ ನಾಡಿನವ. ಹಾಗಾದರೆ ಈ ಮಾಂತ್ರಿಕನ ಊರು ಯಾವುದು?

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಪುಸ್ತಕದ ಕಡೆಗಿಂತ ಹೆಚ್ಚಾಗಿ ಸಿನೆಮಾದ ಕಡೆಗೆ ಹೋದೆ. ನಮ್ಮ ಪೀಳಿಗೆಯವರ ತಲೆಯಲ್ಲಿ ಮಂತ್ರವಾದಿಗೂ ಯಕ್ಷಿಗೂ ಒಂದು ಮುಖ, ಒಂದು ಉಡುಪು, ಒಂದು ನಗು ಕೊಟ್ಟದ್ದು ಅಜ್ಜಿಯ ಕತೆಗಿಂತ ಹೆಚ್ಚಾಗಿ ತೆರೆಯ ಮೇಲಿನ ಚಿತ್ರವೇ. ಕನ್ನಡ ಮತ್ತು ಮಲಯಾಳ ಎರಡೂ ಸಿನೆಮಾಗಳನ್ನು ಉಪಶೀರ್ಷಿಕೆಯ ಹಂಗಿಲ್ಲದೆ ನೋಡುವ ಭಾಗ್ಯ ಗಡಿನಾಡಿನವರಾದ ನಮಗಿದೆ. ಆ ಭಾಗ್ಯದಿಂದ ಕಂಡದ್ದನ್ನು ಇಲ್ಲಿ ಕಾಲಾನುಕ್ರಮದಲ್ಲಿ ಇಡಲು ಪ್ರಯತ್ನಿಸುತ್ತೇನೆ.

* * *

ದಕ್ಷಿಣ ಭಾರತದ ಬೆಳ್ಳಿತೆರೆಯಲ್ಲಿ ಮಾಂತ್ರಿಕನಿಗೆ ಗಟ್ಟಿಯಾದ ರೂಪ ಕೊಟ್ಟ ಚಿತ್ರ ಯಾವುದೆಂದು ಕೇಳಿದರೆ ಹಿರಿಯರು ಒಂದೇ ಹೆಸರು ಹೇಳುತ್ತಾರೆ: 1951ರ 'ಪಾತಾಳ ಭೈರವಿ'. ವಿಜಯಾ ಸಂಸ್ಥೆಗಾಗಿ ಕೆ.ವಿ. ರೆಡ್ಡಿಯವರು ನಿರ್ದೇಶಿಸಿದ ಈ ತೆಲುಗು ಚಿತ್ರದಲ್ಲಿ ನಾಯಕ ತೋಟರಾಮುಡುವಾಗಿ ಎನ್.ಟಿ. ರಾಮರಾಯರೂ ಮಾಂತ್ರಿಕನಾಗಿ ಎಸ್.ವಿ. ರಂಗರಾಯರೂ ಅಭಿನಯಿಸಿದರು. ಉದ್ದ ಗಡ್ಡ, ಇರಿಯುವ ಕಣ್ಣು, ಎಳೆದೆಳೆದು ಆಡುವ ಮಾತು. ಆಮೇಲೆ ಬಂದ ತೆರೆಯ ಮಾಂತ್ರಿಕರೆಲ್ಲ ರಂಗರಾಯರ ಒಕ್ಕಲುಗಳೇ ಎಂದರೆ ತಪ್ಪಾಗಲಾರದು. ಗಮನಿಸಬೇಕಾದದ್ದು ಇದು: ಕತೆ ನಡೆಯುವುದು ಉಜ್ಜಯಿನಿಯಲ್ಲಿ, ಆದರೆ ಮಾಂತ್ರಿಕ ಉಜ್ಜಯಿನಿಯವನಲ್ಲ. ಅವನು ನೇಪಾಳದವನು. ದೇವಿಗೆ ಬಲಿ ಕೊಡಲು ಒಬ್ಬ ಸಾಹಸಿ ತರುಣನನ್ನು ಹುಡುಕಿಕೊಂಡು ಹಿಮಾಲಯದ ತಪ್ಪಲಿನಿಂದ ಅಷ್ಟು ದೂರ ಬಂದವನು.

ಈ ಚಿತ್ರಕ್ಕೆ ತೆಲುಗಿನ 'ಕಾಶೀಮಜಿಲೀ ಕಥೆ'ಗಳ ಜೊತೆಗೆ ಅಲ್ಲಾವುದ್ದೀನನ ಕತೆಯ ನೆರಳೂ ಇದೆ. ಅಲ್ಲಾವುದ್ದೀನನ ಕತೆಯನ್ನು ನಾವು ಅರಬ್ಬೀ ಕತೆ ಎನ್ನುತ್ತೇವೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಫ್ರೆಂಚ್ ವಿದ್ವಾಂಸ ಗಲಾಂ ಅದನ್ನು ಸಿರಿಯಾದ ಹನ್ನಾ ದಿಯಾಬ್ ಎಂಬವನಿಂದ ಕೇಳಿ ಬರೆದುಕೊಂಡ. ಆ ಕತೆಯಲ್ಲಿ ಹುಡುಗ ಇರುವುದು ಚೀನಾದಲ್ಲಿ, ಅವನನ್ನು ನೆಲದಡಿಯ ಗುಹೆಗೆ ಇಳಿಸುವ ಮಾಂತ್ರಿಕ ಬರುವುದು ಆಫ್ರಿಕಾದ ಪಶ್ಚಿಮ ತುದಿಯಿಂದ, ಮೊರಾಕ್ಕೊ ಕಡೆಯಿಂದ. ಭೂಮಿಯ ಒಂದು ಅಂಚಿನವನಿಗೆ ಇನ್ನೊಂದು ಅಂಚಿನವನು ಮಾಂತ್ರಿಕ. ಅಮೆರಿಕದ ಪ್ರಸಿದ್ಧ ಚಿತ್ರ 'ದಿ ವಿಜರ್ಡ್ ಆಫ್ ಆಜ್' (1939) ಇದನ್ನು ಇನ್ನೂ ಸರಳಗೊಳಿಸಿತು. ಅಲ್ಲಿ ದುಷ್ಟ ಮಾಟಗಾತಿಯರಿಗೆ ದಿಕ್ಕುಗಳೇ ಗುರುತು: ಒಬ್ಬಳು ಪೂರ್ವದವಳು, ಒಬ್ಬಳು ಪಶ್ಚಿಮದವಳು. ಪಶ್ಚಿಮದವಳಿಗೆ ಹಸಿರು ಬಣ್ಣದ ಮುಖ. ಬಣ್ಣದ ಚಿತ್ರ ಆಗ ಹೊಸತು, ಜನ ಬಾಯಿಬಿಟ್ಟು ನೋಡಿದರು, ಮಾಟಗಾತಿಯ ಮುಖ ಹಸಿರೆಂದೇ ಮಕ್ಕಳು ನಂಬಿದರು.

ನಮ್ಮ ಕರಾವಳಿಗೂ ಈ ಚರಿತ್ರೆಯಲ್ಲಿ ಪಾಲಿದೆ. ತೆಲುಗರು 'ಜಾನಪದ ಬ್ರಹ್ಮ' ಎಂದು ಕರೆದ ಬಿ. ವಿಠಲಾಚಾರ್ಯರು (1920-1999) ಉಡುಪಿಯ ಕಡೆಯವರು. ಡಿ. ಶಂಕರ್ ಸಿಂಗರ ಜೊತೆ ಮಹಾತ್ಮ ಪಿಕ್ಚರ್ಸಿನಲ್ಲಿ ಪಾಲುದಾರರಾಗಿ ಕನ್ನಡದಲ್ಲಿ ಆರಂಭಿಸಿ, ಆಮೇಲೆ ತೆಲುಗಿಗೆ ಹೋಗಿ, ತಲೆಬುರುಡೆ, ಹೊಗೆ, ಹಾರುವ ಚಾಪೆ, ಕುಣಿಯುವ ಅಸ್ಥಿಪಂಜರಗಳ ಒಂದು ಲೋಕವನ್ನೇ ಕಟ್ಟಿದರು. ಅವರ ತೆಲುಗು 'ಜಗನ್ಮೋಹಿನಿ' (1978) ಬೇರೆ ಭಾಷೆಗಳಿಗೂ ಹೋಗಿ ಹಣ ಮಾಡಿತು. ಅಲ್ಪ ವೆಚ್ಚದಲ್ಲಿ ದೊಡ್ಡ ಚಮತ್ಕಾರ ಮಾಡುವುದು ಅವರ ಕೈಗುಣ. ಆಂಧ್ರದ ಹಳ್ಳಿಯ ಮಕ್ಕಳು ಕನಸಿನಲ್ಲಿ ಬೆಚ್ಚಿದ ದೆವ್ವಗಳಿಗೆ ರೂಪ ಕೊಟ್ಟದ್ದು ನಮ್ಮ ಕಡೆಯ ಒಬ್ಬ ಆಚಾರ್ಯರು ಎಂಬುದನ್ನು ನೆನೆದರೆ, ದೆವ್ವಗಳು ಗಡಿ ದಾಟುವುದಕ್ಕೆ ಪರವಾನಿಗೆ ಬೇಡ ಎಂಬುದು ಸ್ಪಷ್ಟವಾಗುತ್ತದೆ.

* * *

ಮಂತ್ರವಾದಿಗಿಂತ ಹೆಚ್ಚು ವಿಚಾರ ಮಾಡಬೇಕಾದವಳು ಯಕ್ಷಿ. ಅವಳನ್ನು ನಾವು ಸಿನೆಮಾಕ್ಕೆ ಮೊದಲೇ ಬಯಲಾಟದಲ್ಲಿ ಕಂಡವರು. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ 'ಪಂಚವಟಿ' ಪ್ರಸಂಗದಲ್ಲಿ ಮಾಯಾ ಶೂರ್ಪನಖಿ ಬರುತ್ತಾಳೆ. ಸುಂದರವಾದ ಸ್ತ್ರೀವೇಷ, ಒಯ್ಯಾರದ ನಡೆ, ರಾಮನ ಮುಂದೆ ಸವಿಮಾತು. ಆಮೇಲೆ ತೆರೆಯ ಹಿಂದಿನಿಂದ ಆರ್ಭಟ, ದೊಂದಿಯ ಬೆಂಕಿ, ಅಕ್ಕಿಹಿಟ್ಟಿನ ಚಿಟ್ಟಿ ಇಟ್ಟ ಭಯಂಕರ ಮುಖದ ಘೋರ ಶೂರ್ಪನಖಿ. ತೆಂಕುತಿಟ್ಟಿನಲ್ಲಿ ಇದಕ್ಕೆ ಹೆಣ್ಣುಬಣ್ಣವೆಂದೇ ಹೆಸರು. ಚೆಲುವೆಯೊಳಗೆ ರಕ್ಕಸಿ ಇದ್ದಾಳೆ ಎಂಬ ಈ ಎರಡು ವೇಷಗಳ ಲೆಕ್ಕವೇ ಮಲಯಾಳ ಸಿನೆಮಾದ ಯಕ್ಷಿಗೂ ಸಲ್ಲುತ್ತದೆ. ಬಯಲಾಟದಲ್ಲಿ ಅದಕ್ಕೆ ಇಬ್ಬರು ಕಲಾವಿದರು ಬೇಕು, ಸಿನೆಮಾದಲ್ಲಿ ಒಂದು ಕತ್ತರಿ ಸಾಕು.

ಮಲಯಾಳದ ಯಕ್ಷಿಯ ಮೂಲ ಹುಡುಕುವವರು ಕೊಟ್ಟಾರತ್ತಿಲ್ ಶಂಕುಣ್ಣಿಯವರ 'ಐತಿಹ್ಯಮಾಲ'ಕ್ಕೆ ಹೋಗಬೇಕು. 1909ರಿಂದ ಸಂಪುಟ ಸಂಪುಟವಾಗಿ ಬಂದ ಈ ಗ್ರಂಥದಲ್ಲಿ ಕಡಮಟ್ಟತ್ತು ಕತ್ತನಾರ್ ಎಂಬ ಕ್ರೈಸ್ತ ಪಾದ್ರಿಯ ಕತೆಯಿದೆ. ಹುಡುಗನಾಗಿದ್ದಾಗ ಗುಡ್ಡದಲ್ಲಿ ಸಿಕ್ಕಿಬಿದ್ದು ಮಲೆಯರಯರಿಂದ ಮಂತ್ರವಿದ್ಯೆ ಕಲಿತವನು. ಪದ್ಮನಾಭಪುರದಿಂದ ತಿರುವನಂತಪುರಕ್ಕೆ ಹೋಗುವ ಕಾಡುದಾರಿಯಲ್ಲಿ ಒಬ್ಬ ಯಕ್ಷಿ ದಾರಿಹೋಕರಲ್ಲಿ ವೀಳ್ಯಕ್ಕೆ ಸುಣ್ಣ ಕೇಳಿ ಅವರ ಪ್ರಾಣ ಹೀರುತ್ತಿದ್ದಳಂತೆ. ಕತ್ತನಾರ್ ಅವಳ ತಲೆಗೆ ಕಬ್ಬಿಣದ ಮೊಳೆ ಹೊಡೆದು ದಾಸಿಯನ್ನಾಗಿ ಮಾಡಿದ. ಮುಂದೆ ಒಂದು ಮನೆಯ ಹೆಂಗಸು ಅವಳ ತಲೆ ಬಾಚುವಾಗ ಮೊಳೆ ಕೈಗೆ ತಾಗಿ, ಅಯ್ಯೋ ಪಾಪವೆಂದು ಕಿತ್ತಳು. ಯಕ್ಷಿ ಬಿಡುಗಡೆ ಪಡೆದು ಕೊನೆಗೆ ಪರುಮಲದ ಪನಯನ್ನಾರ್ಕಾವಿನಲ್ಲಿ ನೆಲೆಯಾದಳು, ಪೂಜೆಗೊಂಡಳು. ಕಳ್ಳಿಯಂಕಾಟ್ಟು ನೀಲಿ ಎಂದು ಜನ ಕರೆಯುವುದು ಇವಳನ್ನೇ. ಕಳ್ಳಿಯಂಕಾಡು ನಾಗರಕೋವಿಲಿನ ಹತ್ತಿರದ ಜಾಗ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗಲೇ ನಾಗರಕೋವಿಲ್, ಪದ್ಮನಾಭಪುರಗಳ ಸೀಮೆ ತಿರುವಿದಾಂಕೂರಿನಿಂದ ಕಳಚಿ ಮದರಾಸಿಗೆ ಹೋಯಿತು. ಒಂದೇ ದಿನದ ಗೆರೆಯಲ್ಲಿ ನಾವು ಈ ರಾಜ್ಯದೊಳಗೆ ಬಂದೆವು, ಮಲಯಾಳದ ಅತಿ ಪ್ರಸಿದ್ಧ ಯಕ್ಷಿ ಹೊರಗೆ ಹೋದಳು!

ಯಕ್ಷಿ ವಾಸಿಸುವ ಮರವೆಂದು ಮಲಯಾಳ ಸಿನೆಮಾ ಹಾಡಿ ಹೊಗಳಿದ ಏಳಿಲಂಪಾಲ ಬೇರೆ ಯಾವುದೂ ಅಲ್ಲ, ನಮ್ಮ ಹಾಲೆಮರ. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಕಬ್ಬಿಣ ತಾಗಿಸದೆ ಕಲ್ಲಿನಿಂದ ಕೆತ್ತಿ ತಂದ ಅದರ ತೊಗಟೆಯ ಕಷಾಯವನ್ನು ಮೂಗು ಹಿಡಿದು ಕುಡಿಯದ ಮಗು ನಮ್ಮಲ್ಲಿ ಯಾರಿದ್ದಾರೆ? ಒಂದೇ ಮರ. ಒಂದು ಭಾಷೆಯಲ್ಲಿ ಅದು ಯಕ್ಷಿಯ ಮನೆ, ಇನ್ನೊಂದು ಭಾಷೆಯಲ್ಲಿ ವರ್ಷದ ಮದ್ದು.

ತೆರೆಯ ಮೇಲೆ ಬಿಳಿ ಸೀರೆ, ಬಿಚ್ಚಿದ ಕೂದಲಿನ ಹೆಣ್ಣು ಮಲಯಾಳದಲ್ಲಿ ನೆಲೆಯೂರಿದ್ದು 1964ರ 'ಭಾರ್ಗವಿ ನಿಲಯಂ' ಚಿತ್ರದಿಂದ. ವೈಕಂ ಮುಹಮ್ಮದ್ ಬಷೀರರು ತಮ್ಮ 'ನೀಲವೆಳಿಚ್ಚಂ' ಕತೆಯನ್ನು ತಾವೇ ಚಿತ್ರಕತೆ ಮಾಡಿದರು, ಎ. ವಿನ್ಸೆಂಟರು ನಿರ್ದೇಶಿಸಿದರು. ಆದರೆ ಬಷೀರರ ಭಾರ್ಗವಿ ರಕ್ತ ಹೀರುವವಳಲ್ಲ. ಕೊಲೆಯಾದ ಒಬ್ಬ ಹುಡುಗಿ. ಆ ಮನೆಗೆ ಬಾಡಿಗೆಗೆ ಬಂದ ಲೇಖಕ ಅವಳೊಡನೆ ಗೆಳೆತನದಿಂದ ಮಾತಾಡುತ್ತಾನೆ, ಅವಳ ಕತೆ ಬರೆಯುತ್ತಾನೆ, ಅವಳಿಗಾದ ಅನ್ಯಾಯ ಹೊರಬರುತ್ತದೆ. ದೆವ್ವಕ್ಕೆ ಮೊಳೆ ಹೊಡೆಯುವ ಬದಲು ಅದರ ಅಹವಾಲು ಕೇಳುವ ಮನಸ್ಸು ಅದು. ಆದರೆ ಆಮೇಲೆ ಬಂದವರು ಬಷೀರರ ಮನಸ್ಸನ್ನು ಬಿಟ್ಟು ಬಿಳಿ ಸೀರೆಯನ್ನು ಮಾತ್ರ ಎತ್ತಿಕೊಂಡರು.

ನಾಲ್ಕು ವರ್ಷಗಳ ಬಳಿಕ, 1968ರಲ್ಲಿ, ಮಲಯಾಟ್ಟೂರ್ ರಾಮಕೃಷ್ಣನ್ ಅವರ ಕಾದಂಬರಿಯನ್ನು ಆಧರಿಸಿ ಕೆ.ಎಸ್. ಸೇತುಮಾಧವನ್ 'ಯಕ್ಷಿ' ಮಾಡಿದರು. ಪ್ರಯೋಗಶಾಲೆಯ ಅಪಘಾತದಲ್ಲಿ ಮುಖ ಸುಟ್ಟ ಅಧ್ಯಾಪಕನಾಗಿ ಸತ್ಯನ್, ಅವನನ್ನು ಒಲಿದು ಬರುವ ಚೆಲುವೆಯಾಗಿ ಶಾರದಾ. ಇಷ್ಟು ಸುಂದರಿ ನನ್ನಂಥವನನ್ನು ಏಕೆ ಮದುವೆಯಾದಳು ಎಂಬ ಸಂಶಯ ಅವನಲ್ಲಿ ಹುಟ್ಟುತ್ತದೆ. ಸಂಶಯ ಬೆಳೆದು ಇವಳು ಯಕ್ಷಿ ಎಂಬ ನಂಬಿಕೆಯಾಗುತ್ತದೆ. ಕೊನೆಗೆ ಅವಳ ಪ್ರಾಣವನ್ನೇ ತೆಗೆಯುತ್ತಾನೆ. ಯಕ್ಷಿ ಇದ್ದದ್ದು ಅವನ ತಲೆಯೊಳಗೆ, ಸತ್ತದ್ದು ಮಾತ್ರ ನಿಜವಾದ ಹೆಣ್ಣು. ಸಿನೆಮಾದ ಇಷ್ಟು ದೊಡ್ಡ ಪಾಠ ನನಗೆ ಅರ್ಥವಾದದ್ದು ಬಹಳ ತಡವಾಗಿ. ಅದಕ್ಕೆ ಮೊದಲೇ ಆಗಬಾರದ್ದು ನನ್ನಿಂದ ಆಗಿತ್ತು.

* * *

ನನಗೆ ಆಗ ಎಂಟು ವರ್ಷ. ನಮ್ಮ ತೋಟದ ಆಚೆ ಒಬ್ಬ ವಿಧವೆ ಒಂಟಿಯಾಗಿ ಇದ್ದರು. ನಾವು ಮಕ್ಕಳು ಅವರನ್ನು ದೊಡ್ಡಮ್ಮ ಎನ್ನುತ್ತಿದ್ದೆವು, ನೆಂಟಸ್ತಿಕೆ ಏನೂ ಇರಲಿಲ್ಲ. ಬೇಸಗೆಯಲ್ಲಿ ಪುನರ್ಪುಳಿಯ ಶರಬತ್ತು ಕೊಡುತ್ತಿದ್ದರು, ಮಕ್ಕಳಿಗೆ ದೃಷ್ಟಿಯಾದರೆ ಉಪ್ಪು ಮೆಣಸು ನಿವಾಳಿಸುತ್ತಿದ್ದರು. ಒಂದು ಭಾನುವಾರ ನೆರೆಮನೆಯ ಟಿ.ವಿ.ಯಲ್ಲಿ ಯಕ್ಷಿಯ ಸಿನೆಮಾ ಬಂತು. ಇಪ್ಪತ್ತು ಮೂವತ್ತು ಮಂದಿ ಜಗಲಿಯಲ್ಲಿ ಕಿಕ್ಕಿರಿದು ನೋಡಿದೆವು. ಮುಗಿದು ಕತ್ತಲಾಗುವಾಗ ಮಕ್ಕಳೆಲ್ಲ ಗುಂಪಾಗಿ ತೋಟದ ದಾರಿಯಲ್ಲಿ ಬರುತ್ತಿದ್ದೆವು. ದೊಡ್ಡಮ್ಮ ತಲೆಗೆ ಮಿಂದು, ಬಿಳಿ ಸೀರೆ ಉಟ್ಟು, ಕೂದಲು ಹರಡಿಕೊಂಡು ಅಂಗಳದಲ್ಲಿ ನಿಂತಿದ್ದರು. "ಯಕ್ಷಿ!" ಎಂದು ಮೊದಲು ಕೂಗಿದವನು ನಾನು. ಎಲ್ಲರೂ ಕೂಗಿದೆವು. ಯಾರೋ ಕಲ್ಲು ಎಸೆದರು. ಓಡಿದೆವು.

ಆಮೇಲೆ ಅದು ಆಟವಾಯಿತು. ಶಾಲೆಗೆ ಹೋಗುವಾಗ, ಬರುವಾಗ ಬೇಲಿಯಾಚೆಯಿಂದ ಕೂಗುವುದು, ಓಡುವುದು. ಸ್ವಲ್ಪ ದಿನದಲ್ಲಿ ದೊಡ್ಡವರಲ್ಲಿ ಕೆಲವರೂ ಅವರ ಕಣ್ಣಿನ ಬಗ್ಗೆ ಏನೇನೋ ಹೇಳತೊಡಗಿದರು. ಒಂದು ಮನೆಯ ದನ ಸತ್ತಾಗ ಇನ್ನೂ ಹೆಚ್ಚು ಹೇಳಿದರು. ವಿಷಯ ಅಮ್ಮನಿಗೆ ತಿಳಿದ ದಿನ ನನಗೆ ಬೆತ್ತದ ಪೆಟ್ಟು ಬಿತ್ತು. ಅಮ್ಮ ಅಳುತ್ತ ಹೇಳಿದರು: "ಆಸ್ಪತ್ರೆಗೆ ಹೋಗಲು ಹೊಳೆ ದಾಟಲಾಗದ ಮಳೆಯಲ್ಲಿ ನಿನ್ನನ್ನು ಹೊರಗೆ ತೆಗೆದದ್ದು ಅವರ ಕೈ. ಆ ಕೈ ಇಲ್ಲದಿದ್ದರೆ ನೀನೂ ಇಲ್ಲ, ನಾನೂ ಇಲ್ಲ." ನಾನು ಹೋಗಿ ತಪ್ಪಾಯಿತೆಂದು ಹೇಳಬೇಕಿತ್ತು. ಹೆದರಿಕೆಯಿಂದಲೋ ನಾಚಿಕೆಯಿಂದಲೋ ಹೋಗಲಿಲ್ಲ. ದೊಡ್ಡಮ್ಮ ನಮ್ಮ ಅಂಗಳಕ್ಕೆ ಬರುವುದನ್ನು ನಿಲ್ಲಿಸಿದರು. ಸಂಜೆ ಕೂದಲು ಬಿಚ್ಚಿ ಹೊರಗೆ ನಿಲ್ಲುವುದನ್ನೂ ನಿಲ್ಲಿಸಿದರು. ನಾನು ಕಾಲೇಜಿನಲ್ಲಿದ್ದಾಗ ತೀರಿಹೋದರು.

* * *

1993ರ ಡಿಸೆಂಬರಿನಲ್ಲಿ ಫಾಸಿಲರ 'ಮಣಿಚಿತ್ರತ್ತಾಳ್' ಬಂತು. ಮಧು ಮುಟ್ಟಂ ಬರೆದ ಕತೆ. ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ. ಹಳೆಯ ತರವಾಡಿಗೆ ಬಂದ ಸೊಸೆ ಗಂಗಾ, ಬೀಗ ಹಾಕಿದ ತೆಕ್ಕಿನಿಯನ್ನು ತೆರೆಸುತ್ತಾಳೆ. ಅಲ್ಲಿ ಹಿಂದೊಮ್ಮೆ ಕೊಲೆಯಾದ ನಾಗವಲ್ಲಿ ಎಂಬ ನರ್ತಕಿ ತಾನೇ ಎಂದು ಬಗೆಯುವ ಕಾಯಿಲೆ ಅವಳದು. ಮನೋವೈದ್ಯನಾಗಿ ಮೋಹನಲಾಲ್, ಮಂತ್ರವಾದಿ ಬ್ರಹ್ಮದತ್ತನ್ ನಂಬೂದಿರಿಪ್ಪಾಡಾಗಿ ತಿಲಕನ್. ಮಂತ್ರವಾದಿಯನ್ನು ಮೋಸಗಾರನನ್ನಾಗಿಯೂ ರಾಕ್ಷಸನನ್ನಾಗಿಯೂ ಮಾಡದೆ, ವೈದ್ಯನ ಮಾತು ಕೇಳಿ ಒಪ್ಪುವ ತಿಳಿದ ಮನುಷ್ಯನನ್ನಾಗಿ ಮಾಡಿದ್ದು ಈ ಚಿತ್ರದ ಹೊಸತನ. ಮಂತ್ರದ ಮಂಡಲವೇ ಚಿಕಿತ್ಸೆಯ ರಂಗಸ್ಥಳವಾಗುತ್ತದೆ. ನಾವು ಮನೆಮಂದಿಯೆಲ್ಲ ಒಟ್ಟಾಗಿ ಹೋಗಿ ನೋಡಿ ಬಂದು, ರಾತ್ರಿ ಒಬ್ಬರೇ ಕೊಟ್ಟಿಗೆಗೆ ಹೋಗಲು ಹೆದರಿದೆವು.

ಈ ಚಿತ್ರದಲ್ಲಿ ನಾಗವಲ್ಲಿ ತಂಜಾವೂರಿನವಳು. ಕಾಯಿಲೆ ಏರಿದಾಗ ಗಂಗಾ ಮಲಯಾಳ ಬಿಟ್ಟು ತಮಿಳಿನಲ್ಲಿ ಅಬ್ಬರಿಸುತ್ತಾಳೆ. ಇದನ್ನೇ 2004ರಲ್ಲಿ ಪಿ. ವಾಸು ಕನ್ನಡದಲ್ಲಿ 'ಆಪ್ತಮಿತ್ರ' ಮಾಡಿದರು. ವಿಷ್ಣುವರ್ಧನ್ ನಾಯಕ, ಸೌಂದರ್ಯಾ ನಾಗವಲ್ಲಿ. ಬಿಡುಗಡೆಗೆ ನಾಲ್ಕು ತಿಂಗಳ ಮೊದಲೇ ಸೌಂದರ್ಯಾ ವಿಮಾನಾಪಘಾತದಲ್ಲಿ ತೀರಿಹೋಗಿದ್ದರಿಂದ ಜನ ಕಣ್ಣೀರಿಟ್ಟು ನೋಡಿದರು. ನಾನು ನೋಡಿದ್ದು ವಿಳಾಸ ಕೇಳಿದ ಆ ಹಿರಿಯ ಸಹೋದ್ಯೋಗಿಯ ಜೊತೆಗೆ. ಅಲ್ಲಿ ನಾಗವಲ್ಲಿ ತಮಿಳಿನವಳಲ್ಲ, ತೆಲುಗಿನವಳು. ಮರುವರ್ಷ ಅದೇ ವಾಸು ತಮಿಳಿನಲ್ಲಿ 'ಚಂದ್ರಮುಖಿ' ಮಾಡಿದರು, ಅಲ್ಲಿಯೂ ನರ್ತಕಿ ತೆಲುಗಿನವಳು. 2007ರಲ್ಲಿ ಪ್ರಿಯದರ್ಶನ್ ಹಿಂದಿಯಲ್ಲಿ 'ಭೂಲ್ ಭುಲಯ್ಯಾ' ಮಾಡಿದಾಗ ಅವಳು ಬಂಗಾಳದ ಮಂಜುಲಿಕಾ ಆದಳು, ಬಂಗಾಳಿ ಮಾತಾಡಿದಳು.

ನಾಲ್ಕು ಭಾಷೆಗಳ ಈ ಪಟ್ಟಿಯನ್ನು ಒಂದು ಕಾಗದದಲ್ಲಿ ಬರೆದು ನೋಡಿದಾಗ ನನಗೆ ನನ್ನ ಪ್ರಶ್ನೆಯ ಉತ್ತರ ಸಿಕ್ಕಿತು. ಮಲಯಾಳದ ಮನೆಯಲ್ಲಿ ದೆವ್ವ ತಮಿಳು ಮಾತಾಡುತ್ತದೆ. ಕನ್ನಡದ ಮನೆಯಲ್ಲೂ ತಮಿಳಿನ ಮನೆಯಲ್ಲೂ ತೆಲುಗು ಮಾತಾಡುತ್ತದೆ. ಹಿಂದಿಯ ಮನೆಯಲ್ಲಿ ಬಂಗಾಳಿ ಮಾತಾಡುತ್ತದೆ. ಯಾವ ಮನೆಯಲ್ಲಿಯೂ ದೆವ್ವ ಆ ಮನೆಯ ಭಾಷೆ ಮಾತಾಡುವುದಿಲ್ಲ. ಹೆಣ್ಣೊಬ್ಬಳು ಮನೆಯ ಭಾಷೆ ಬಿಟ್ಟು ಇನ್ನೊಂದು ಭಾಷೆ ಆಡಿದಳೆಂದರೆ ಅಷ್ಟಕ್ಕೇ ನೋಡುವವರ ಮೈ ಜುಮ್ಮೆನ್ನುತ್ತದೆ. ಸಿನೆಮಾದವರಿಗೆ ಅದು ಸುಲಭದ ಉಪಾಯ. ಯಾರ ಮೇಲೂ ಹಗೆಯಿಂದ ಮಾಡಿದ್ದಲ್ಲ ಎಂದೂ ಒಪ್ಪೋಣ.

ಆದರೆ ಗಡಿನಾಡಿನ ಮನೆಗಳ ಸ್ಥಿತಿ ಏನು? ನಮ್ಮ ಮನೆಯಲ್ಲಿ ಅಮ್ಮನ ಮಾತು ಕನ್ನಡ, ಅತ್ತಿಗೆ ತುಳುವಿನ ಮನೆಯವಳು, ತಂಗಿಯ ಗಂಡ ಮಲಯಾಳದವರು, ಪೇಟೆಯ ಮೀನಿನವಳೊಡನೆ ಒಂದು ಮಾತು, ಪಂಚಾಯತಿನಲ್ಲಿ ಇನ್ನೊಂದು ಮಾತು. ದಿನಕ್ಕೆ ಮೂರು ಸಲ ಭಾಷೆ ಬದಲಿಸದ ಹೆಂಗಸು ನಮ್ಮಲ್ಲಿ ಅಪರೂಪ. ಸಿನೆಮಾದ ಲೆಕ್ಕ ಹಿಡಿದರೆ ನಾವೆಲ್ಲರೂ ಮೆಟ್ಟಿಕೊಂಡವರೇ. ನೆರೆಯ ಭಾಷೆಯ ಬಗ್ಗೆ ಹೆದರಿಕೆ ಹುಟ್ಟಿಸುವ ಚಿತ್ರವನ್ನು ದೊಡ್ಡ ನಗರದವರು ನೋಡಿ ಮರೆಯಬಹುದು. ನಾವು ನೋಡಿ ಹೊರಗೆ ಬಂದರೆ ಎದುರಿಗೆ ಇರುವುದೇ ಆ ನೆರೆಯವರು.

* * *

ಕಿರುತೆರೆಯ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1985ರಲ್ಲಿ ದೂರದರ್ಶನದಲ್ಲಿ ಬಂದ ರಾಮಾನಂದ ಸಾಗರರ 'ವಿಕ್ರಮ್ ಔರ್ ಬೇತಾಳ್' ಧಾರಾವಾಹಿಯಲ್ಲಿ ಹೆಣದೊಳಗಿನ ಬೇತಾಳವೇ ರಾಜನಿಗೆ ನ್ಯಾಯದ ಪ್ರಶ್ನೆ ಕೇಳುವ ಗುರು. ಕಪಟಿಯಾದವನು ರಾಜನನ್ನು ಸ್ಮಶಾನಕ್ಕೆ ಕಳಿಸಿದ ಯೋಗಿ. ನಮ್ಮ ಹಳೆಯ ಕತೆಗಳಲ್ಲಿ ದೆವ್ವಕ್ಕೆ ಇಷ್ಟು ಮರ್ಯಾದೆ ಇತ್ತು. 1994ರಲ್ಲಿ ಬಂದ 'ಚಂದ್ರಕಾಂತಾ' ಐಯಾರರ ವೇಷಾಂತರಗಳಿಂದ ಮಕ್ಕಳನ್ನು ಭಾನುವಾರ ಮನೆಯಲ್ಲೇ ಕೂರಿಸಿತು. 2004ರಲ್ಲಿ ಏಷ್ಯಾನೆಟ್ಟಿನಲ್ಲಿ ಬಂದ 'ಕಡಮಟ್ಟತ್ತು ಕತ್ತನಾರ್' ಧಾರಾವಾಹಿಯಲ್ಲಿ ಪ್ರಕಾಶ್ ಪಾಲ್ ಪಾದ್ರಿಯಾಗಿ ನೀಲಿಯನ್ನು ಕಟ್ಟುವುದನ್ನು ಕೇರಳದ ಮನೆಮನೆಗಳಲ್ಲಿ ಎಲ್ಲ ಮತದವರೂ ಒಟ್ಟಿಗೆ ಕುಳಿತು ನೋಡಿದರು. ಆದರೆ ಸಿನೆಮಾ ಮೂರು ಗಂಟೆಯಲ್ಲಿ ಮುಗಿಯುತ್ತದೆ, ಧಾರಾವಾಹಿ ಮುಗಿಯುವುದಿಲ್ಲ. ಇಂದು ಕನ್ನಡವಾಗಲಿ ಮಲಯಾಳವಾಗಲಿ, ಸಂಜೆಯ ಧಾರಾವಾಹಿಯಲ್ಲಿ ಕುಂಕುಮ, ನಿಂಬೆಹಣ್ಣು, ಗೊಂಬೆ ಇಟ್ಟು ಅತ್ತೆಯ ಮೇಲೋ ಸೊಸೆಯ ಮೇಲೋ ಮಾಟ ಮಾಡಿಸುವ ಹೆಂಗಸು ಸಾಮಾನ್ಯ ಪಾತ್ರವಾಗಿಬಿಟ್ಟಿದ್ದಾಳೆ. ಮಾಟ ಮಾಡಿಸುವವ ಗಡಿಯಾಚೆಯಿಂದ ಅಡಿಗೆಮನೆಗೆ ಬಂದಿದ್ದಾನೆ.

ಇತ್ತೀಚಿನ ಎರಡು ಮಲಯಾಳ ಚಿತ್ರಗಳು ನನ್ನ ಪ್ರಶ್ನೆಗೆ ಇನ್ನಷ್ಟು ಬೆಳಕು ಕೊಟ್ಟವು. 2024ರಲ್ಲಿ ರಾಹುಲ್ ಸದಾಶಿವನ್ ಕಪ್ಪುಬಿಳುಪಿನಲ್ಲಿ ಮಾಡಿದ 'ಭ್ರಮಯುಗಂ' ಹದಿನೇಳನೆಯ ಶತಮಾನದ ಮಲಬಾರಿನ ಕತೆ. ಪಾಳುಬಿದ್ದ ಮನೆಯೊಳಗೆ ಸಿಕ್ಕಿಬಿದ್ದ ಪಾಣನ ಕುಲದ ಹಾಡುಗಾರನನ್ನು ಪಗಡೆಯಾಟದ ನೆಪದಲ್ಲಿ ಆಳಾಗಿ ಇರಿಸಿಕೊಳ್ಳುವ ಪೋಟ್ಟಿಯಾಗಿ ಮಮ್ಮುಟ್ಟಿ. ಇಲ್ಲಿ ಮಂತ್ರವೆಂದರೆ ಒಡೆತನ, ಮಂತ್ರಕ್ಕೆ ಸಿಕ್ಕವನು ಕೀಳು ಜಾತಿಯವನು. ಚಿತ್ರದ ಪಾತ್ರಕ್ಕೆ ಮೊದಲು ಇಟ್ಟಿದ್ದ ಹೆಸರು 'ಐತಿಹ್ಯಮಾಲ'ದಲ್ಲಿ ಬರುವ ಕುಂಜಮನ್ ಪೋಟ್ಟಿಯದು. ಕೋಟ್ಟಯಂ ಕಡೆಯ ಒಂದು ಮನೆತನದವರು, ಇದು ನಮ್ಮ ಹಿರಿಯರ ಹೆಸರು, ನಮ್ಮನ್ನು ದುಷ್ಟ ಮಾಂತ್ರಿಕರೆಂದು ಲೋಕ ತಿಳಿಯುತ್ತದೆ ಎಂದು ಹೈಕೋರ್ಟಿಗೆ ಹೋದರು. ನಿರ್ಮಾಪಕರು ಹೆಸರನ್ನು ಕೊಡುಮಣ್ ಪೋಟ್ಟಿ ಎಂದು ಬದಲಿಸಿದರು. ಹೆಸರಿಗೆ ತಟ್ಟುವ ಮಸಿ ಎಂಥದ್ದೆಂದು ಆ ಮನೆಯವರಿಗೆ ಗೊತ್ತು. ನ್ಯಾಯಾಲಯಕ್ಕೆ ಹೋಗಲು ಅವರಿಗೆ ಶಕ್ತಿಯೂ ಇತ್ತು. ಇಡೀ ಒಂದು ಸೀಮೆಗೆ ಅಂಥ ಹೆಸರು ಬಂದರೆ ದೂರು ಕೊಡುವವರು ಯಾರು?

2025ರ ಓಣಂ ಹೊತ್ತಿಗೆ ಬಂದ ಡೊಮಿನಿಕ್ ಅರುಣರ 'ಲೋಕಾ' ಇನ್ನೂ ಸ್ವಾರಸ್ಯದ್ದು. ಅದರಲ್ಲಿ ಕಳ್ಳಿಯಂಕಾಟ್ಟು ನೀಲಿ ಯಕ್ಷಿಯಲ್ಲ, ಜನರನ್ನು ಕಾಯುವ ನಾಯಕಿ. ದಬ್ಬಾಳಿಕೆಗೆ ಸಿಕ್ಕಿದ ಕಾಡಿನ ಹುಡುಗಿಯಾಗಿದ್ದವಳು, ಇಂದು ಚಂದ್ರಾ ಎಂಬ ಹೆಸರಿನಲ್ಲಿ ಬೆಂಗಳೂರಿನಲ್ಲಿ ವಾಸ. ಕಲ್ಯಾಣಿ ಪ್ರಿಯದರ್ಶನ್ ಆ ಪಾತ್ರ ಮಾಡಿದ್ದಾರೆ. ಬಷೀರರ ಮನಸ್ಸು ಅರುವತ್ತು ವರ್ಷಗಳ ಬಳಿಕ ತಿರುಗಿ ಬಂತೆಂದು ನನಗೆ ಸಂತೋಷವಾಯಿತು. ಆದರೆ ನೀಲಿ ಒಳ್ಳೆಯವಳಾದಾಗ ಕೆಟ್ಟವನ ಜಾಗ ಖಾಲಿಯಾಯಿತಲ್ಲ. ಅಲ್ಲಿಗೆ ಬಂದವನು ಬೆಂಗಳೂರಿನ ಒಬ್ಬ ಪೊಲೀಸ್ ಅಧಿಕಾರಿ. ಅವನ ಬಾಯಲ್ಲಿ ಬೆಂಗಳೂರಿನ ಹೆಣ್ಣುಮಕ್ಕಳ ಬಗ್ಗೆ ಬಂದ ಮಾತಿಗೆ ಕನ್ನಡಿಗರು ನೊಂದುಕೊಂಡರು. ನಿರ್ಮಾಣ ಸಂಸ್ಥೆ ಕ್ಷಮೆ ಕೇಳಿ ಆ ಮಾತನ್ನು ಸರಿಪಡಿಸುವುದಾಗಿ ಹೇಳಿತು. ಯಕ್ಷಿ ಗಡಿ ದಾಟಿದ್ದಳು, ಕೆಡುಕು ಮಾತ್ರ ಮತ್ತೆ ಆಚೆ ಬದಿಯಲ್ಲೇ ಉಳಿಯಿತು.

* * *

ಇದೆಲ್ಲ ಬರೀ ಸಿನೆಮಾ, ಇದಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎಂದು ಓದುಗರು ಕೇಳಬಹುದು. 2022ರ ಅಕ್ಟೋಬರಿನಲ್ಲಿ ಪತ್ತನಂತಿಟ್ಟ ಜಿಲ್ಲೆಯ ಎಲಂತೂರಿನಲ್ಲಿ ನರಬಲಿಯೆಂದು ಪೊಲೀಸರು ಹೇಳಿದ ಪ್ರಕರಣ ಬೆಳಕಿಗೆ ಬಂತು. ಕೊಲೆಯಾದವರು ಲಾಟರಿ ಟಿಕೇಟು ಮಾರಿ ಬದುಕುತ್ತಿದ್ದ ಇಬ್ಬರು ಬಡ ಹೆಂಗಸರು. ಅವರಲ್ಲಿ ಒಬ್ಬರು ತಮಿಳುನಾಡಿನಿಂದ ಹೊಟ್ಟೆಪಾಡಿಗೆ ಬಂದವರು. ಅಕ್ಷರಸ್ಥರ ನಾಡು ಬೆಚ್ಚಿತು. ಕರ್ನಾಟಕ ವಿಧಾನಮಂಡಲ ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕಾನೂನನ್ನು 2017ರಲ್ಲೇ ಅಂಗೀಕರಿಸಿತ್ತು, 2020ರಲ್ಲಿ ಅದು ಜಾರಿಗೆ ಬಂತು. ಕಾನೂನು ಇದ್ದರೂ ಇಲ್ಲದಿದ್ದರೂ ಒಂದು ಮಾತು ನಿಜ: ತೆರೆಯ ಮೇಲೆ ಸಾಯುವುದು ಮಾಂತ್ರಿಕ, ನೆಲದ ಮೇಲೆ ಸಾಯುವುದು ಒಂಟಿ ಹೆಂಗಸು, ಬಡವಿ, ಹೊರಗಿನಿಂದ ಬಂದವಳು.

ಹಾಗೆಂದು ನೆರೆಯ ಸೀಮೆಯ ಶಕ್ತಿಗೆ ಹೆದರುವುದು ಸಿನೆಮಾದವರು ಹೊಸತಾಗಿ ಕಲಿಸಿದ್ದಲ್ಲ. ನಮ್ಮ ನೆಲದಲ್ಲಿಯೂ ಆ ಹೆದರಿಕೆ ಇತ್ತು. ಆದರೆ ಹಿರಿಯರು ಅದನ್ನು ನಿಭಾಯಿಸಿದ ರೀತಿ ಬೇರೆ. ವಿಷ್ಣುಮೂರ್ತಿ ದೈವದ ಕತೆ ನಮ್ಮವರಿಗೆಲ್ಲ ಗೊತ್ತು. ನೀಲೇಶ್ವರದ ಕಡೆಯ ಪಾಲಂದಾಯಿ ಕಣ್ಣನ್ ಎಂಬ ಬಡ ಹುಡುಗನನ್ನು ಒಡೆಯನಾದ ಕುರುಪ್ಪು ಓಡಿಸಿದ. ಅವನು ಮಂಗಳೂರಿನ ಕಡೆಗೆ ಬಂದು, ಒಂದು ಮನೆಯಲ್ಲಿ ಆಶ್ರಯ ಪಡೆದು, ಅಲ್ಲಿಯ ನರಸಿಂಹನನ್ನು ಆರಾಧಿಸಿ, ವರ್ಷಗಳ ಬಳಿಕ ಊರಿಗೆ ಮರಳಿದ. ಕೆರೆಯಲ್ಲಿ ಕಾಲು ತೊಳೆಯುವಾಗ ಕುರುಪ್ಪು ಅವನನ್ನು ಕಡಿದು ಕೊಂದ. ಆಮೇಲೆ ಕುರುಪ್ಪಿನ ಮನೆಯಲ್ಲಿ ಅನಾಹುತಗಳು. ತುಳುನಾಡಿನಿಂದ ಕಣ್ಣನ್ ಜೊತೆಗೆ ಬಂದ ಶಕ್ತಿ ಮುನಿದಿದೆ ಎಂದು ತಿಳಿಯಿತು. ಸಿನೆಮಾ ಆಗಿದ್ದರೆ ಇಲ್ಲಿ ಒಬ್ಬ ಮಂತ್ರವಾದಿಯನ್ನು ಕರೆಸಿ ಆ ಶಕ್ತಿಯನ್ನು ಸುಟ್ಟುಬಿಡುತ್ತಿದ್ದರು. ಜನ ಹಾಗೆ ಮಾಡಲಿಲ್ಲ. ಅನ್ಯಾಯವಾಗಿದೆ ಎಂದು ಒಪ್ಪಿ, ಕೋಟ್ಟಪ್ಪುರದಲ್ಲಿ ಸ್ಥಾನ ಕೊಟ್ಟು ಕೋಲ ಕಟ್ಟಿದರು. ಇಂದು ಚಂದ್ರಗಿರಿಯ ಎರಡೂ ಬದಿಯಲ್ಲಿ ಒತ್ತೆಕೋಲದ ಕೆಂಡಕ್ಕೆ ಎರಡೂ ಭಾಷೆಯವರು ಕೈ ಮುಗಿಯುತ್ತಾರೆ. ನಮ್ಮ ಗುಳಿಗ ಅವರಲ್ಲಿ ಗುಳಿಗನ್. ಪನಯನ್ನಾರ್ಕಾವಿನ ಯಕ್ಷಿಗೂ ಕೊನೆಗೆ ಸಿಕ್ಕಿದ್ದು ಮೊಳೆಯಲ್ಲ, ಒಂದು ನೆಲೆ.

ದೈವವನ್ನು ನಂಬುವುದು, ಬಿಡುವುದು ಅವರವರಿಗೆ ಬಿಟ್ಟದ್ದು. ನಾನು ಹೇಳುವುದು ಹಿರಿಯರ ಆ ರೀತಿಯನ್ನು ಮಾತ್ರ. ಹೊರಗಿನಿಂದ ಬಂದದ್ದಕ್ಕೆ ಹೆದರಿದಾಗ ಅವರು ಮೊದಲು ಕೇಳಿದ ಪ್ರಶ್ನೆ "ಇದಕ್ಕೆ ಯಾರಿಂದ ಏನು ಅನ್ಯಾಯವಾಗಿದೆ?" ಎಂಬುದು. ಎಂಟು ವರ್ಷದ ನನಗೆ ಆ ಪ್ರಶ್ನೆ ಯಾರಾದರೂ ಕಲಿಸಿದ್ದರೆ ಅಂದು ಸಂಜೆ ನಾನು ಕೂಗುತ್ತಿರಲಿಲ್ಲ.

ಈಚೆಗೆ ಅಣ್ಣನ ಮಗಳು ಮೊಬೈಲಿನಲ್ಲಿ ಯಕ್ಷಿಯ ಸಿನೆಮಾ ನೋಡುತ್ತಿದ್ದಳು. ಮುಗಿದ ಮೇಲೆ "ಚಿಕ್ಕಪ್ಪ, ನಮ್ಮ ಊರಿನಲ್ಲಿ ಯಕ್ಷಿ ಇದ್ದಳಾ?" ಎಂದು ಕೇಳಿದಳು. ನಾನು ಅವಳನ್ನು ಕರೆದುಕೊಂಡು ತೋಟದ ಆಚೆಗೆ ಹೋದೆ. ದೊಡ್ಡಮ್ಮನ ಮನೆ ಈಗಿಲ್ಲ, ಅಡಿಪಾಯದ ಕೆಂಪುಕಲ್ಲು ಮಾತ್ರ ಇದೆ, ಅಂಗಳದ ಪುನರ್ಪುಳಿಯ ಮರ ಇದೆ. "ಇಲ್ಲಿ ಒಬ್ಬರು ಇದ್ದರು" ಎಂದು ಆರಂಭಿಸಿ, ನಾನು ಮಾಡಿದ್ದನ್ನೆಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಹೋಗಿ ಸಾರಿ ಹೇಳ್ಲಿಲ್ವಾ?" ಎಂದಳು.

ಇಲ್ಲ ಎಂದೆ. ಇಲ್ಲಿ ಹೇಳುತ್ತಿದ್ದೇನೆ.